ಒಂದು ಸುತ್ತು ಜಾಸ್ತಿ

ಮಾವನಿಗೆ ವಯಸ್ಸಾಯಿತು ಎಂದು ಮುಖಕ್ಕೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇಬ್ಬರೂ ದುಡಿಯುವ ಪ್ರಯೋಗಾಲಯದಲ್ಲಿ ಆ ಕೆಲಸ ಸೊಸೆಯ ತಲೆಗೇ ಬರುವ ಹಾಗಿತ್ತು.

ಸೂರ್ಯನಲ್ಲಿ ಜ್ವಾಲೆ ಸಿಡಿದಾಗ ಹಾರಿಬರುವ ನ್ಯೂಟ್ರಾನುಗಳನ್ನು ಬಾಹ್ಯಾಕಾಶದಲ್ಲೇ ಹಿಡಿಯುವ ಪೆಟ್ಟಿಗೆ ಅವಳದು. ಒಳಗೆ ಅರವತ್ತನಾಲ್ಕು ಪ್ಲಾಸ್ಟಿಕ್ ಪಟ್ಟಿಗಳು. ನ್ಯೂಟ್ರಾನು ಬಡಿದರೆ ಪಟ್ಟಿಯೊಳಗೆ ಚೂರೇ ಚೂರು ಬೆಳಕು ಮಿನುಗುತ್ತದೆ. ಹೊರಗಿನ ಬೆಳಕು ಸೂಜಿಮೊನೆಯಷ್ಟು ನುಸುಳಿದರೂ ಎಲ್ಲ ಕೆಟ್ಟಂತೆಯೇ. ಅದಕ್ಕೇ ಪ್ರತಿ ಪಟ್ಟಿಗೂ ಕಪ್ಪು ಟೇಪಿನ ಎರಡು ಸುತ್ತು. ಮೇಲಕ್ಕೆ ಹಾರುವ ಪೆಟ್ಟಿಗೆಯಲ್ಲಿ ಒಂದೊಂದು ಗ್ರಾಂ ತೂಕಕ್ಕೂ ಲೆಕ್ಕ, ಹಾಗಾಗಿ ಮೂರನೆಯದು ಸಲ್ಲದು. ಮೂವತ್ತು ವರ್ಷದಿಂದ ಇಲ್ಲಿ ಟೇಪು ಸುತ್ತುವ ಕೈ ಮಾವನದು.

ಈಚೆಗೆ ಆ ಕೈ ನಡುಗುತ್ತಿತ್ತು. ಒಂದು ಪಟ್ಟಿಯೊಳಗೆ ಬೆಳಕು ಸೋರಿದರೂ ಅವರನ್ನು ಮನೆಗೆ ಕಳಿಸುತ್ತೇನೆಂದು ಮುಖ್ಯಸ್ಥೆ ಖಡಾಖಂಡಿತ ಹೇಳಿದ್ದರು. ಕೆಲಸ ಅರ್ಧಕ್ಕೆ ಬಿಟ್ಟು ಹೊರಟರೆ ಮಾವ ಒಳಗೊಳಗೇ ಕುಗ್ಗಿಹೋಗುತ್ತಾರೆ, ಅದನ್ನು ನೋಡುವುದು ತನ್ನಿಂದಾಗದು ಎಂದು ಸೊಸೆಗೆ ಗೊತ್ತಿತ್ತು. ಹಾಗಾಗಿ ಅವರು ಊಟಕ್ಕೆ ಎದ್ದಾಗಲೆಲ್ಲ ಕದ್ದುಮುಚ್ಚಿ ಪಟ್ಟಿಗಳನ್ನು ತಿರುಗಿಸಿ ನೋಡುತ್ತಿದ್ದಳು. ಏಳು ಪಟ್ಟಿಗಳಿಗೆ ಎರಡರ ಬದಲು ಮೂರು ಸುತ್ತು! ಪಾಪ, ಎಷ್ಟು ಸುತ್ತಿದೆನೆಂದು ಮರೆತಿದ್ದಾರೆ ಎಂದುಕೊಂಡು ಮೇಲಿನ ಸುತ್ತನ್ನು ಮೆಲ್ಲಗೆ ಬಿಚ್ಚಿ ತೆಗೆದಳು.

ಮಂಗಳವಾರ ಬೆಳಿಗ್ಗೆ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ಪರೀಕ್ಷೆ. ಹನ್ನೊಂದನೆಯ ಪಟ್ಟಿಯ ಮೇಲೆ ಬೆಳಕು ಬಿದ್ದದ್ದೇ ತಡ, ಪರದೆಯ ಮೇಲಿನ ಎಣಿಕೆ ಎಗ್ಗಿಲ್ಲದೆ ಏರಿತು.

ದೀಪ ಹಾಕಿದರು. ಮಾವ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು, ಒಂದು ಕಡೆ ನಿಲ್ಲಿಸಿದರು, ಸೊಸೆಯ ಕಡೆ ನೋಡಿದರು. ಆಮೇಲೆ ಮುಖ್ಯಸ್ಥೆಗೆ ಹೇಳಿದರು: "ನನ್ನ ಕೈಯದ್ದೇ ತಪ್ಪು. ವಯಸ್ಸಾಯ್ತು ನೋಡಿ."

ಸೊಸೆ ಮುಂದೆ ಬಂದಳು. "ಇಲ್ಲ ಮೇಡಂ, ಮೇಲಿನ ಸುತ್ತು ಬಿಚ್ಚಿದ್ದು ನಾನು. ಕಿತ್ತಾಗ ಕೆಳಗಿನ ಸುತ್ತೂ ಎದ್ದಿರಬೇಕು. ಇದೊಂದೇ ಅಲ್ಲ, ಒಟ್ಟು ಏಳು."

"ಮೂರನೇ ಸುತ್ತು ಯಾಕೆ ಬಂತು?" ಎಂದರು ಮುಖ್ಯಸ್ಥೆ.

"ಕೈ ನಡುಗಿದ ದಿನ ನಾನೇ ಒಂದು ಜಾಸ್ತಿ ಹಾಕ್ತಿದ್ದೆ," ಎಂದರು ಮಾವ. "ನನ್ನ ಕೈ ನನಗೆ ಗೊತ್ತಿಲ್ವಾ?"

ಮುಖ್ಯಸ್ಥೆ ಟೇಪಿನ ಸುರುಳಿಯನ್ನು ಮಾವನ ಮುಂದಿಟ್ಟರು. "ಏಳನ್ನೂ ಗುರುವಾರದೊಳಗೆ ನೀವೇ ಸುತ್ತಿಕೊಡಿ. ಹೆಚ್ಚಿನ ತೂಕ ನಾನು ನೋಡ್ಕೋತೀನಿ. ಇವಳನ್ನ ಮಾತ್ರ ಟೇಪಿನ ಹತ್ತಿರ ಬಿಡಬೇಡಿ."

ಅವರು ಹೋದ ಮೇಲೆ ಸೊಸೆಗೆ ತಲೆ ಎತ್ತಲಾಗಲಿಲ್ಲ. "ನಿಮ್ಮ ಮಾನ ಉಳೀಲಿ ಅಂತ ಮಾಡಿದೆ, ಮಾವ."

"ಗೊತ್ತಮ್ಮ." ಅವರು ಸ್ಟೂಲು ಎಳೆದುಕೊಂಡು ಕೂತರು. "ಆದ್ರೆ ಕೈ ಹೇಗಿದೆ ಮಾವ ಅಂತ ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ದೆ. ಇಷ್ಟು ದಿನ ಯಾರೂ ಕೇಳ್ಲಿಲ್ಲ."

ಅವಳು ಅವರ ಪಕ್ಕದಲ್ಲಿ ಕೂತು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು.