ದಾರಿಯಲ್ಲಿ ಸಿಕ್ಕ ಧಾಟಿ

ಬೆಳಿಗ್ಗೆ ಒಂಬತ್ತೂ ಕಾಲಿಗೆ ರುದ್ರಮ್ಮ ಗಂಡನ ಎಡ ಅಂಗೈ ಬಿಡಿಸಿ, ಅದರಲ್ಲಿ ಅವನ ಇಷ್ಟಲಿಂಗವಿಟ್ಟು, ಒಂದೊಂದೇ ಬೆರಳನ್ನು ಮಡಿಸಿದಳು. ಗದಿಗೆಪ್ಪ ತೀರಿಕೊಂಡು ಮೂರು ದಿನವಾಗಿತ್ತು. ನಾಲ್ಕು ಬೆರಳು ಮಾತು ಕೇಳಿದವು. ಹೆಬ್ಬೆರಳು ಮಾತ್ರ ಮಡಿಸಿದಂತೆ ನಿಲ್ಲಲಿಲ್ಲ.

"ಬಿಡ್ರಿ ಅಕ್ಕಾರ, ಹಂಗ ಇರ್ಲಿ," ಎಂದಳು ಪಕ್ಕದಲ್ಲಿದ್ದ ಗೆಳತಿ ಗಂಗಮ್ಮ. "ಅಲ್ಲಿ ಹೋದ ಮ್ಯಾಲೂ ತಾಳ ಹಿಡಿಯೂದ ಬ್ಯಾಡೇನು ಅವರು?"

ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸಿನಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಆ ಫ್ಯೂನರಲ್ ಹೋಮಿನವರು ಹನ್ನೆರಡರವರೆಗೆ ಕೋಣೆ ಕೊಟ್ಟಿದ್ದರು. ಆಮೇಲೆ ಪೆಟ್ಟಿಗೆ ಮುಚ್ಚಿ ಸ್ಮಶಾನಕ್ಕೆ ಹೊರಡಬೇಕು. ಅಷ್ಟರೊಳಗೆ ಭಜನೆ. ರುದ್ರಮ್ಮ ಮಗನಿಗೆ ಹೇಳಿದ್ದು ಒಂದೇ ಮಾತು: ಮುಚ್ಚುವ ಮೊದಲು 'ಕದ ತೆಗಿಯೋ' ಪದ ಆಗಬೇಕು. ಬೇರೆ ಏನಾದರೂ ಬಿಟ್ಟುಹೋದರೂ ಅವಳು ಚಿಂತೆ ಮಾಡುವವಳಲ್ಲ.

ಪದ ಗದಿಗೆಪ್ಪನೇ ಕಟ್ಟಿದ್ದು. ಮನೆಯ ಬೇಸ್‌ಮೆಂಟಿನಲ್ಲಿ ಪ್ರತಿ ಸೋಮವಾರ ಸಂಜೆ ಅವನು ಎತ್ತಿಕೊಡುತ್ತಿದ್ದ, ಉಳಿದವರು ಹಿಂದಿನಿಂದ ಹೇಳುತ್ತಿದ್ದರು. ತೊಂದರೆ ಬಂದದ್ದು ಅಲ್ಲೇ. ಮೊದಲ ಸಾಲನ್ನು ಅವನ ಹೊರತು ಯಾರೂ ಎಂದೂ ಹಾಡಿರಲಿಲ್ಲ.

"ನುಡಿ ಬರ್ತೈತಿ," ಎಂದಳು ರುದ್ರಮ್ಮ. "'ದಿನಾ ಬಂದ ಬಾಗಿಲ ಇದು, ಇಂದು ನೀ ಯಾರಂತ ಕೇಳತೈತಿ.' ಅದು ಬರ್ತೈತಿ. ಧಾಟಿ ಬರವಲ್ದು. 'ಕದ ತೆಗಿಯೋ' ಅಂತ ನಾವು ಕೂಡ್ತಿದ್ವೆಲ್ಲ, ಅಲ್ಲಿಂದ ಅಷ್ಟ ಬರ್ತೈತಿ."

"ಅದೇನ ದೊಡ್ಡ ಮಾತು, ನಾ ಎತ್ತತೀನಿ," ಎಂದು ಶಿವಬಸಪ್ಪ ಕೋಟಿನ ಗುಂಡಿ ಬಿಚ್ಚಿದರು. ನಿವೃತ್ತ ಡಾಕ್ಟರು, ಭಜನೆಯಲ್ಲಿ ಎಲ್ಲರಿಗಿಂತ ಹಿರಿಯರು. "ಅದು ನವಲಗುಂದದ ಕಡೆ ಹಳೀ ಮಠದ ಧಾಟಿ. ನಮ್ಮಜ್ಜಾರ ಹಾಡೂದ ಕೇಳೀನಿ."

ಅವರು ಎತ್ತಿದರು. ಅದು ಮಂಗಳಾರತಿಯ ಕಡೆಗೆ ಹೋಯಿತು. ಗಂಗಮ್ಮ ಎತ್ತಿದಳು. ಅದು ಲಾಲಿಯಾಯಿತು.

"ಡಾಕ್ಟರ್ ಸಾಹೇಬ್ರ, ನಿಮ್ಮ ಅಜ್ಜಾರು ಬ್ಯಾರೇ ಮಠಕ್ಕ ಹೋಗ್ತಿದ್ದರೇನೋ," ಎಂದಳು ಗಂಗಮ್ಮ.

"ನಿಂದೇನವಾ, ತೊಟ್ಟಿಲದಾಗ ಹಾಕಿ ತೂಗೂ ಹಂಗ ಐತಿ."

ಮಗ ಈರೇಶ್ ಗೋಡೆಗೊರಗಿ ನಿಂತು ಫೋನು ತಿಕ್ಕುತ್ತ ಹುಡುಕುತ್ತಿದ್ದ. ಸುದ್ದಿ ತಿಳಿದ ರಾತ್ರಿಯೇ ತಾನಿರುವ ನೇಪರ್‌ವಿಲ್ಲಿನಿಂದ ಐದು ತಾಸು ಡ್ರೈವ್ ಮಾಡಿಕೊಂಡು ಬಂದಿದ್ದ. "ಅವ್ವಾ, ಮೂರು ವಿಡಿಯೋ ಸಿಕ್ಕಾವು. ಯಾವುದ್ರಾಗೂ ಸ್ಟಾರ್ಟಿಂಗ್ ಇಲ್ಲ. ಎಲ್ಲಾರೂ ಕೋರಸ್ ಬಂದ ಮ್ಯಾಲೇ ರೆಕಾರ್ಡ್ ಮಾಡ್ಯಾರ."

ಅವನು ಒಂದನ್ನು ಹಚ್ಚಿದ. ಫೋನಿನಲ್ಲಿ ಇಪ್ಪತ್ತು ಮಂದಿ 'ಕದ ತೆಗಿಯೋ' ಎಂದು ಕೂಗುತ್ತಿದ್ದರು. ಗದಿಗೆಪ್ಪ ನಡುವೆ ಕೂತು ದಮ್ಮಡಿ ಬಡಿಯುತ್ತಿದ್ದ, ಬಾಯಿ ಮುಚ್ಚಿತ್ತು. ತನ್ನ ಸಾಲನ್ನು ಆಗಲೇ ಹಾಡಿ ಮುಗಿಸಿದ್ದ.

*

ಗದಿಗೆಪ್ಪ ಹುಟ್ಟಿ ಬೆಳೆದ ನವಲಗುಂದದ ಕಡೆಯ ಊರಿನಲ್ಲಿ ಭಜನಾ ಮೇಳದವರು ಹೊಸ ಸಿನಿಮಾ ಬಂದರೆ ಕಥೆ ಕೇಳುತ್ತಿರಲಿಲ್ಲ, ಧಾಟಿ ಕೇಳುತ್ತಿದ್ದರು. ಧಾಟಿ ಸಿಕ್ಕರೆ ಶಿವನ ಪದ ಅದಕ್ಕೆ ಕೂಡಿಸಿ ಮುಂದಿನ ಅಮಾವಾಸ್ಯೆಗೆ ಹಾಡಿಬಿಡುತ್ತಿದ್ದರು. ಮಿಶಿಗನ್ನಿಗೆ ಬಂದು ಕಾರಿನ ಬಿಡಿಭಾಗಗಳ ಅಚ್ಚು ತಯಾರಿಸುವ ಕಂಪನಿ ಸೇರಿದ ಮೇಲೆ ಅವನಿಗೆ ಸಿನಿಮಾ ತಪ್ಪಿತು. ಕಾರಿನ ರೇಡಿಯೋ ಸಿಕ್ಕಿತು.

ಎರಡು ಸಾವಿರದ ಒಂದರ ಸೆಪ್ಟೆಂಬರಿನಲ್ಲಿ ವಿಮಾನ ಬಡಿದು ಜೋಡಿ ಗೋಪುರಗಳು ಬಿದ್ದ ವಾರ, ಕೆನಡಾದ ಸೇತುವೆಯ ಮೇಲೆ ಲಾರಿಗಳು ಮೈಲಿಗಟ್ಟಲೆ ನಿಂತು, ಬಿಡಿಭಾಗ ಬಾರದೆ ಕಾರ್ಖಾನೆಗಳು ಕೆಲಸ ನಿಲ್ಲಿಸಿದವು. ನಿಂತ ಟ್ರಾಫಿಕ್ಕಿನಲ್ಲಿ ರೇಡಿಯೋದವರು ಮೆಲ್ಲಗಿನ ಹಳೆಯ ಹಾಡುಗಳನ್ನೇ ಹಾಕುತ್ತಿದ್ದರು. ಆ ಸೋಮವಾರ ಪರದೆ ಎಳೆದ ಬೇಸ್‌ಮೆಂಟಿನಲ್ಲಿ ಬಂದಿದ್ದ ಐದಾರು ಮಂದಿಗೆ ಗದಿಗೆಪ್ಪ ಒಂದು ಮೆಲ್ಲಗಿನ ಧಾಟಿ ಕಲಿಸಿದ. ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ, ಪೊಲೀಸರ ಕೈಯಲ್ಲಿ ಕರಿಯನೊಬ್ಬ ಸತ್ತದ್ದಕ್ಕೆ ಡೆಟ್ರಾಯಿಟಿನ ಬೀದಿಗಳಲ್ಲಿ ಜನ ದಿನವೂ ಮೆರವಣಿಗೆ ನಡೆಯುತ್ತಿದ್ದಾಗ, ಅವನ ಧಾಟಿಗೂ ನಡಿಗೆಯ ಹೆಜ್ಜೆ ಬಂತು. ಆಗ ಭಜನೆ ಜೂಮಿನಲ್ಲಿ ನಡೆಯುತ್ತಿತ್ತು. ಯಾರ ದನಿಯೂ ಯಾರ ದನಿಗೂ ಕೂಡದೆ, ಅದನ್ನು ಹತ್ತು ಮನೆಯವರು ಹತ್ತು ಕಡೆ ಮುಗಿಸಿದರು.

ಯಾವುದು ಎಲ್ಲಿಂದ ಬಂತೆಂದು ಅವನು ಹೇಳುತ್ತಿರಲಿಲ್ಲ. ಎಲ್ಲವೂ ನವಲಗುಂದದ್ದೇ ಎಂದು ಜನ ತಿಳಿದರು. ಅವನು ಅಲ್ಲವೆನ್ನಲಿಲ್ಲ.

'ಕದ ತೆಗಿಯೋ' ಮನೆಗೆ ಬಂದದ್ದು ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ. ಅಂದು ಅವನು ಮಧ್ಯಾಹ್ನವೇ ಬಂದ. ಷೂ ಬಿಚ್ಚದೆ ನೇರ ಬೇಸ್‌ಮೆಂಟಿಗೆ ಇಳಿದ.

"ಯಾಕ್ರೀ, ಇಷ್ಟ ಲಗೂ?" ಎಂದು ಮೆಟ್ಟಿಲ ಮೇಲಿಂದ ಕೇಳಿದಳು ರುದ್ರಮ್ಮ.

"ಹಿಮ ಬಾಳ ಬಿದ್ದೈತಿ. ಬಿಟ್ಟಬಿಟ್ರು." ದಮ್ಮಡಿ ತೆಗೆದುಕೊಂಡ. "ಇಲ್ಲಿ ಬಾ. ನಾ ಒಂದ ಸಾಲ ಅಂತೀನಿ, ನೀ ಹಿಂದಿಂದ 'ಕದ ತೆಗಿಯೋ' ಅನ್ನು."

"ಎಲ್ಲಿಂದ ತಂದ್ರಿ ಈ ಧಾಟಿ?"

"ದಾರ್ಯಾಗ ಸಿಕ್ಕತು."

ಸಂಜೆಯವರೆಗೆ ಹಾಡಿದರು. ಮರುದಿನವೂ ಅವನು ಟಿಫಿನ್ ಡಬ್ಬಿ ತೆಗೆದುಕೊಂಡು ಹೊರಟ, ಅದರ ಮರುದಿನವೂ. ಕೆಲಸ ಹೋಗಿದೆಯೆಂಬುದು ರುದ್ರಮ್ಮನಿಗೆ ತಿಳಿದದ್ದು ಮಾರ್ಚಿನಲ್ಲಿ, ಅಂಗಡಿಯಲ್ಲಿ ಸಿಕ್ಕ, ಅವನ ಕಂಪನಿಯ ಯಾರದೋ ಹೆಂಡತಿಯ ಬಾಯಿಂದ. ಅವಳು ಕೇಳಲಿಲ್ಲ. ತಾನಾಗಿ ಹೇಳಲಿ ಎಂದು ಕಾದಳು. ಮುಂದಿನ ವರ್ಷ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆಗಲೂ ಹೇಳಲಿಲ್ಲ. ಆ ಚಳಿಗಾಲವನ್ನು ಅವನು ಎಲ್ಲಿ ಕಳೆದ, ಯಾರ ಜೊತೆ, ಏನು ಯೋಚಿಸುತ್ತ ಕಳೆದ ಎಂಬುದನ್ನು ಅವನ ಬಾಯಿಂದ ಕೇಳುವ ಆಸೆ ಹದಿನಾರು ವರ್ಷ ಅವಳ ಜೊತೆಗಿತ್ತು. ಕಡೆಯ ತಿಂಗಳು ಆಸ್ಪತ್ರೆಯಲ್ಲಿ ಅವನ ಕಾಲು ಒತ್ತುತ್ತಾ ಕೂತಾಗ ಒಮ್ಮೆ ಬಾಯಿಯವರೆಗೆ ಬಂದಿತ್ತು. ನರ್ಸ್ ಒಳಗೆ ಬಂದಳು.

*

ಹನ್ನೊಂದೂವರೆಗೆ ಇನ್ನೂ ಮೊದಲ ಸಾಲು ಸಿಕ್ಕಿರಲಿಲ್ಲ. ಬೇರೆ ಪದಗಳು ಮುಗಿದಿದ್ದವು.

"ಅವ್ವಾ, ವಿಡಿಯೋ ಹಚ್ಚಿಬಿಡ್ಲಾ?" ಎಂದ ಈರೇಶ್. "ಇಟ್ಸ್ ಓಕೆ. ಅಪ್ಪಗ ನಡೀತಿತ್ತು."

"ನಡೀತಿರ್ಲಿಲ್ಲ," ಎಂದಳು ರುದ್ರಮ್ಮ.

ಎದ್ದು ಪೆಟ್ಟಿಗೆಯ ಹತ್ತಿರ ಹೋದಳು. ಮೊದಲ ಸಾಲನ್ನು ಬಿಟ್ಟು, ತನಗೆ ಬರುವಲ್ಲಿಂದಲೇ ಶುರು ಮಾಡಿದಳು. ಒಬ್ಬಳದೇ ದನಿ, ತೆಳ್ಳಗೆ. ಕದ ತೆಗಿಯೋ ಶಿವನೇ, ಕದ ತೆಗಿಯೋ. ಒಂದು ಸಲ ಹೇಳಿ ನಿಂತಳು. ಮುಂದಿನದು ಗದಿಗೆಪ್ಪನ ಸರದಿ. ಎರಡನೆಯ ಸಲ ಹೇಳಿ ನಿಂತಳು.

ಹಿಂದಿನ ಸಾಲಿನಿಂದ ಒಂದು ಗಂಡು ದನಿ ಎದ್ದಿತು. ದಪ್ಪ ದನಿ, ಇಂಗ್ಲಿಷ್ ಮಾತು. ಅವಳು ನಿಲ್ಲಿಸಿದ ಸ್ವರದಿಂದಲೇ ಹೊರಟು, ಏರಿ, ಒಂದು ಕಡೆ ತಡೆದು, ಇಳಿದು, ಸರಿಯಾಗಿ 'ಕದ ತೆಗಿಯೋ' ಎನ್ನಬೇಕಾದಲ್ಲಿಗೆ ಬಂದು ಬಿಟ್ಟುಕೊಟ್ಟಿತು.

ಎಲ್ಲರೂ ತಿರುಗಿದರು. ಅರವತ್ತೈದರ ಆಸುಪಾಸಿನ ಕರಿಯ, ಎತ್ತರದ ಮನುಷ್ಯ. ಕೈಯಲ್ಲಿ ಟೋಪಿ ಹಿಡಿದು ಮುಜುಗರದಿಂದ ನಿಂತಿದ್ದ.

"ಕ್ಷಮಿಸಿ," ಎಂದ ಇಂಗ್ಲಿಷಿನಲ್ಲಿ. "ಬಾಯಿಗೆ ಬಂದುಬಿಟ್ಟಿತು. ನಾನು ಡ್ಯಾರಿಲ್. ಗ್ಯಾರಿ ಜೊತೆ ಕೆಲಸ ಮಾಡುತ್ತಿದ್ದೆ. ನಾವು ಅವನನ್ನು ಗ್ಯಾರಿ ಅನ್ನುತ್ತಿದ್ದೆವು."

"ಈ ಹಾಡು ನಿಮಗೆ ಹೇಗೆ ಗೊತ್ತು?" ಎಂದು ಈರೇಶ್ ಕೇಳಿದ.

"ನನಗೆ ಹೇಗೆ ಗೊತ್ತು ಅಂದರೆ?" ಡ್ಯಾರಿಲ್‌ಗೆ ನಗು ಬಂತು. "ನಿಮಗೆ ಹೇಗೆ ಗೊತ್ತು? ನಮ್ಮ ಈಸ್ಟ್‌ಸೈಡ್ ಬಡಾವಣೆಯ ಹುಡುಗನೊಬ್ಬ ಹಾಡಿದ್ದು. ಕಾರು ಕಂಪನಿಗಳು ಮುಳುಗಿದ ಚಳಿಗಾಲ ಡೆಟ್ರಾಯಿಟಿನ ರೇಡಿಯೋದಲ್ಲಿ ಅದೇ. ವಸಂತ ಬಂದ ಮೇಲೆ ಯಾರೂ ಕೇಳಲಿಲ್ಲ."

"ಮಠದ ಧಾಟಿ," ಎಂದು ಗಂಗಮ್ಮ ಶಿವಬಸಪ್ಪನವರ ಕಿವಿಯಲ್ಲಿ ಹೇಳಿದಳು.

"ಸುಮ್ನಿರವಾ," ಎಂದರು ಅವರು. ಕಣ್ಣು ಒರೆಸಿಕೊಳ್ಳುತ್ತಿದ್ದರು.

ರುದ್ರಮ್ಮನಿಗೆ ಇಂಗ್ಲಿಷ್ ತಿಳಿಯುತ್ತಿತ್ತು, ಆಡುವುದು ಕಡಿಮೆ. ಹಾಡಿನ ಮಾತು ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲ. "ಏನಂತ ಐತಿ ಅದರಾಗ? ಕೇಳು," ಎಂದಳು ಮಗನಿಗೆ.

ಡ್ಯಾರಿಲ್ ನಿಧಾನವಾಗಿ ಹೇಳಿದ. ಕಾರ್ಖಾನೆಯ ಗೇಟಿನ ಹಾಡು. ಇಷ್ಟು ವರ್ಷ ದಿನಾ ಬಂದ ಗೇಟು, ಇವತ್ತು ನೀನು ಯಾರು ಅಂತ ಕೇಳುತ್ತಿದೆ. ಅಷ್ಟೇ. "ನಮ್ಮಿಬ್ಬರ ಕೆಲಸ ಹೋದ ದಿನ ಬೆಳಿಗ್ಗೆ ಬ್ಯಾಡ್ಜ್ ತೋರಿಸಿದರೆ ಗೇಟು ಏಳಲಿಲ್ಲ. ಯಾಕೆಂದು ಹೇಳುವವರೂ ಇರಲಿಲ್ಲ. ನಾನು ಗ್ಯಾರಿಯ ಕಾರಿನಲ್ಲಿ ಹೋಗಿ ಕೂತೆ, ಹೀಟರ್ ಹಾಕಿಕೊಂಡು. ಆಗ ಇದು ಬಂತು. ಹಾಡು ಮುಗಿದ ಮೇಲೆ ಅವನು ರೇಡಿಯೋ ಆರಿಸಿ ಬಹಳ ಹೊತ್ತು ಮಾತಾಡಿದ."

ಈರೇಶ್ ಕನ್ನಡದಲ್ಲಿ ಹೇಳತೊಡಗಿದ. ರುದ್ರಮ್ಮ ಕೈಯೆತ್ತಿ ತಡೆದಳು.

ಅವಳು ಪೆಟ್ಟಿಗೆಯ ಕಡೆ ತಿರುಗಿ, ಡ್ಯಾರಿಲ್‌ಗೆ ಕೈಸನ್ನೆ ಮಾಡಿದಳು. ಅವನು ಮತ್ತೆ ಎತ್ತಿದ. ಈ ಸಲ ಅವನ ಇಂಗ್ಲಿಷಿನ ಮೇಲೆಯೇ ಅವಳೂ ಮೊದಲ ಸಾಲು ಹಾಡಿದಳು: ದಿನಾ ಬಂದ ಬಾಗಿಲ ಇದು. ಎರಡು ಮಾತೂ ಒಂದೇ ಕಡೆ ಏರಿ ಒಂದೇ ಕಡೆ ಇಳಿದವು. ಇಪ್ಪತ್ತು ಮಂದಿ 'ಕದ ತೆಗಿಯೋ' ಎಂದು ಕೂಡಿದರು. ಶಿವಬಸಪ್ಪ ದಮ್ಮಡಿ ಬಡಿದರು. ಫ್ಯೂನರಲ್ ಹೋಮಿನ ಮ್ಯಾನೇಜರು ಬಾಗಿಲು ತೆರೆದು, ಗಡಿಯಾರ ನೋಡಿ, ಮತ್ತೆ ಮುಚ್ಚಿಕೊಂಡು ಹೋದ.

ಪೆಟ್ಟಿಗೆ ಮುಚ್ಚಿದ್ದು ಹನ್ನೆರಡು ದಾಟಿದ ಮೇಲೆ. ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ; ಬಿಸಿಲಿದ್ದರೂ ಹಿಮ ಕರಗಿರಲಿಲ್ಲ. ಶವವಾಹನದ ಹಿಂದೆ ಈರೇಶ್ ಕಾರಿನ ಬಾಗಿಲು ತೆರೆದು ಹಿಡಿದಿದ್ದ.

"ಅವ್ವಾ, ಇಲ್ಲಿ. ಸೀಟ್ ಬೆಚ್ಚಗ ಮಾಡೀನಿ."

"ನೀ ಹಿಂದ ಬಾರಪಾ," ಎಂದು ರುದ್ರಮ್ಮ ಸೆರಗನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು, ಡ್ಯಾರಿಲ್‌ನ ಹಳೆಯ ಪಿಕಪ್ಪಿನ ಎತ್ತರದ ಮೆಟ್ಟಿಲಿಗೆ ಕಾಲಿಟ್ಟಳು. ಅವನು ಒಳಗಿಂದ ಕೈ ನೀಡಿ ಹತ್ತಿಸಿಕೊಂಡ. ಸೀಟಿನ ಮೇಲಿದ್ದ ಕಾಫಿ ಲೋಟ ಎತ್ತಿಟ್ಟ.

"ದಟ್ ಡೇ," ಎಂದಳು ಅವಳು. "ಹಿ ಟಾಕ್. ವಾಟ್ ಹಿ ಸೇ? ಆಲ್."

ಸ್ಮಶಾನಕ್ಕೆ ಹೋಗುವ ವ್ಯಾನ್ ಡೈಕ್ ರಸ್ತೆಯಲ್ಲಿ ಗದಿಗೆಪ್ಪನ ಶವವಾಹನದ ಹಿಂದೆ ಮೊದಲು ಹೋದದ್ದು ಆ ಪಿಕಪ್.