ಬಿದಿರುಮೆಳೆಗೆ ಹೋದ ಪಟೇಲ

ಲಕ್ಕವಳ್ಳಿ ಕಾಡಂಚಿನ ಊರೊಂದರ ಪಟೇಲ ಷಣ್ಮುಖಪ್ಪನಿಗೆ ಹುಲಿಗಿಂತ ಅಮಲ್ದಾರರ ಭಯವೇ ಹೆಚ್ಚು ಅಂತ ಜನ ನಗುತ್ತಿದ್ದರು. ಸುಳ್ಳೇನಲ್ಲ. ಕಚೇರಿಯ ಜವಾನ ಬಂದರೂ ಜಗಲಿಯಿಂದ ಎದ್ದು ನಿಲ್ಲುವ ಮನುಷ್ಯ. ಆ ಬೇಸಿಗೆ ಬೆಂಗಳೂರಿನಿಂದ ಇಂಗ್ಲಿಷ್ ದೊರೆಯೊಬ್ಬ ಶಿಕಾರಿಗೆ ಬಂದ. ತಮಟೆ ಬಡಿದು ಹುಲಿ ಎಬ್ಬಿಸಲು ಮೂವತ್ತು ಜನ ಬೇಕೆಂದು ಅಪ್ಪಣೆಯಾಯಿತು. ಬಿಟ್ಟಿ ಕೆಲಸ. ಷಣ್ಮುಖಪ್ಪ ಮನೆಮನೆಗೂ ಹೋಗಿ ಜನರನ್ನು ಎಬ್ಬಿಸಿದ. ಹೆಂಡತಿ ಹಸಿ ಬಾಣಂತಿ ಎಂದು ಕೈಮುಗಿದ ಬೀರಯ್ಯನನ್ನೂ ಬಿಡಲಿಲ್ಲ.

ಮರಕ್ಕೆ ಕಟ್ಟಿದ್ದ ಮಚಾನಿನ ಮೇಲಿಂದ ದೊರೆ ಹೊಡೆದ ಗುಂಡು ಹುಲಿಯ ಸೊಂಟಕ್ಕೆ ತಗುಲಿತು. ಅದು ಸಾಯಲಿಲ್ಲ. ಎದುರಿಗಿದ್ದ ಬೀರಯ್ಯನ ತೋಳು ಕಚ್ಚಿ, ಹಳ್ಳದ ಪಕ್ಕದ ಬಿದಿರುಮೆಳೆಗೆ ಎಳೆದುಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿಂದ ಅವನ ನರಳಾಟ ಕೇಳಿಸಿತು.

"ಎಲ್ಲರೂ ಸಾಲಾಗಿ ಮೆಳೆಯೊಳಗೆ ನುಗ್ಗಿ," ಎಂದರು ದೊರೆಯ ಜೊತೆಗೆ ಬಂದಿದ್ದ ಅಮಲ್ದಾರರು. "ಹುಲಿ ಈಚೆಗೆ ಬಂದರೆ ದೊರೆಗಳು ಹೊಡೀತಾರೆ."

ಇಪ್ಪತ್ತೊಂಬತ್ತು ಜನ ಪಟೇಲನ ಮುಖ ನೋಡಿದರು.

"ಬ್ಯಾಡ ಸ್ವಾಮಿ," ಎಂದ ಷಣ್ಮುಖಪ್ಪ. "ಗಾಯದ ಹುಲಿ ಅದು. ಇನ್ನೂ ನಾಕು ಹೆಣ ಬೀಳ್ತವೆ. ಬಂದೂಕು ಹಿಡಿದೋರು ಇಳಿದು ಬರ್ಲಿ, ನಾನು ಮುಂದೆ ಹೋಗ್ತೀನಿ."

ದೊರೆ ಮಚಾನಿನಿಂದ ಇಳಿಯಲಿಲ್ಲ. ಅಮಲ್ದಾರರ ಮುಖ ಕೆಂಪಾಯಿತು.

"ನಾಳೆಯಿಂದ ನೀನು ಪಟೇಲ ಅಲ್ಲ. ತಿಳೀತಾ?"

"ನಾಳೆ ತನಕ ಯಾಕೆ? ಈಗ್ಲೇ ಬಿಟ್ಟೆ." ಜನರ ಕಡೆ ತಿರುಗಿದ. "ಒಬ್ರೂ ಒಳಗೆ ಕಾಲಿಡ್ಬೇಡ್ರಿ. ಅವನನ್ನ ಎಳ್ಕೊಂಡು ಬಂದೋನು ನಾನು. ನಾನೇ ಹೋಗ್ತೀನಿ."

ಗುಂಪಿನಲ್ಲಿದ್ದ ಹೊನ್ನಯ್ಯನ ಕೈಯಿಂದ ಮಚ್ಚು ಇಸಿದುಕೊಂಡು ಹೊರಟ.

ಮೆಳೆಯೊಳಗೆ ಬೆವರಿನಿಂದ ಕಣ್ಣು ಉರಿಯಿತು. ಬೀರಯ್ಯ ಸಿಕ್ಕಿದ. ಅವನಾಚೆ ಎರಡು ಮಾರು ದೂರದಲ್ಲಿ ಹುಲಿ ಏದುಸಿರು ಬಿಡುತ್ತಾ ಮಲಗಿತ್ತು.

"ಹೋಗ್ಬಿಡಿ ಪಟೇಲ್ರೆ," ಎಂದ ಬೀರಯ್ಯ.

"ಬಾಯ್ಮುಚ್ಚಲೇ. ನನ್ನ ಕುತ್ತಿಗೆ ಹಿಡ್ಕೋ."

ಹುಲಿ ಏಳಲು ನೋಡಿತು. ಹಿಂಗಾಲು ಬರಲಿಲ್ಲ. ಮುಂಗಾಲಿನಲ್ಲೇ ತೆವಳುತ್ತಾ ಬಂತು. ಷಣ್ಮುಖಪ್ಪ ಅದರ ಕಡೆಗೇ ಮುಖ ಮಾಡಿ, ಮಚ್ಚು ಬೀಸುತ್ತಾ, ಬಾಯಿಗೆ ಬಂದ ಬೈಗಳೆಲ್ಲ ಬೈಯುತ್ತಾ, ಬೀರಯ್ಯನನ್ನು ಹಿಂದಕ್ಕೆ ಎಳೆದ. ಅಷ್ಟರಲ್ಲಿ ಮೆಳೆಯ ಅಂಚಿಗೇ ಬಂದು ನಿಂತ ಜನ ಒಟ್ಟಿಗೆ ತಮಟೆ ಬಡಿದರು. ಆ ಸದ್ದಿಗೆ ಹುಲಿ ನಿಂತಿತು.

ಈಚೆಗೆ ಬಂದವನೇ ಷಣ್ಮುಖಪ್ಪ ಕುಕ್ಕರಿಸಿ ವಾಂತಿ ಮಾಡಿದ. ಹುಲಿ ಸಂಜೆಗೆ ಒಳಗೇ ಸತ್ತಿತು. ತರೀಕೆರೆ ಆಸ್ಪತ್ರೆಯಲ್ಲಿ ಬೀರಯ್ಯನ ತೋಳು ತೆಗೆದರು. ಜೀವ ಉಳಿಯಿತು. ಪಟೇಲಿಕೆ ದಾಯಾದಿ ಮಲ್ಲಿಕಾರ್ಜುನಪ್ಪನಿಗೆ ಹೋಯಿತು.

ಮರುವರ್ಷ ಮತ್ತೆ ಅಪ್ಪಣೆ ಬಂತು. ಮಲ್ಲಿಕಾರ್ಜುನಪ್ಪ ಮನೆಮನೆ ತಿರುಗಿದ. ಒಬ್ಬನೂ ಹೊರಡಲಿಲ್ಲ. ಕೊನೆಗೆ ಹೊಲದಲ್ಲಿ ಉಳುತ್ತಿದ್ದ ಷಣ್ಮುಖಪ್ಪನ ಹತ್ತಿರ ಬಂದ.

"ಅಣ್ಣಾ, ಏನಂತ ಬರೆದು ಕಳಿಸ್ಲಿ?"

"ಬರಲ್ಲ ಅಂತ ಬರಿ. ಮೊದಲನೇ ಹೆಸರು ನಂದು ಹಾಕು," ಎಂದು ಷಣ್ಮುಖಪ್ಪ ಎತ್ತು ಹೊಡೆದ.