ತಿಕ್ಕಿ ಬೆಳಗಿದ ಕಾವಲಿ

ನಾನು ಒಂದು ಬೀಡಿನ ಕಾವಲಿ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ಹುಟ್ಟಿದಾಗ ನನ್ನದು ಬೂದು ಬಣ್ಣ, ಒರಟು ಮೈ. ಕಾರ್ಕಳದ ಕಲ್ಯಾಣಿಯಮ್ಮ ನನ್ನನ್ನು ಕೊಂಡು ತಂದು ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿದರು, ಎಣ್ಣೆ ಸವರಿದರು, ಅರ್ಧ ಈರುಳ್ಳಿಯಿಂದ ದಿನವೂ ಉಜ್ಜಿದರು. ನನ್ನ ಮೈ ಕಪ್ಪಾದಷ್ಟೂ ಅವರ ಮುಖ ಅರಳುತ್ತಿತ್ತು. ಇದಕ್ಕೆ ಪಳಗಿಸುವುದು ಎನ್ನುತ್ತಾರಂತೆ. ಕಪ್ಪಾಗುವುದೇ ಹೆಚ್ಚುಗಾರಿಕೆ ಎಂದು ನಾನೂ ನಂಬಿದೆ.

ಅವರ ಮಗಳು ಜಲಜಾಕ್ಷಿಯ ಮದುವೆಯಾದಾಗ ಅವಳ ಜೊತೆ ನಾನೂ ಉಡುಪಿಗೆ ಬಂದೆ. ಕಲ್ಯಾಣಿಯಮ್ಮ ತೀರಿಕೊಂಡ ಮೇಲಂತೂ ಜಲಜಾಕ್ಷಿ ನನ್ನನ್ನು ಯಾರ ಕೈಗೂ ಕೊಡಲಿಲ್ಲ. ನೀರುದೋಸೆ ಹೊಯ್ದರೆ ಅಂಚು ತಾನಾಗಿ ಏಳುತ್ತಿತ್ತು.

ಆಮೇಲೆ ಸೊಸೆ ಮಹಾದೇವಿ ಬಂದಳು, ಗದಗದ ಕಡೆಯವಳು. ಅವಳ ತವರಿನಲ್ಲಿ ರೊಟ್ಟಿಯ ಹಂಚಿಗೆ ಎಣ್ಣೆ ಸೋಕಿಸುವುದಿಲ್ಲ. ಜಿಡ್ಡು ಎಂದರೆ ಅವರಿಗೆ ಕೊಳೆ. ಅತ್ತೆಯೋ ಮಾತಾಡುವುದೇ ಕಡಿಮೆ, ಅಡುಗೆಮನೆಗೆ ಬಿಟ್ಟುಕೊಳ್ಳುವುದು ಇನ್ನೂ ಕಡಿಮೆ. ಹೇಗಾದರೂ ಇವರ ಮನಸ್ಸು ಗೆಲ್ಲಬೇಕೆಂಬುದೊಂದೇ ಆ ಹುಡುಗಿಯ ಆಸೆ. ಜಲಜಾಕ್ಷಿ ನೆಂಟರ ಮನೆಯ ಪೂಜೆಗೆ ಹೋದ ದಿನ ಅವಳು ನನ್ನನ್ನು ಹಿತ್ತಲಿಗೆ ಒಯ್ದು ಸೋಪು, ಮರಳು ಹಾಕಿ ತಿಕ್ಕಿದಳು. ತಿಕ್ಕಿದ ರಭಸಕ್ಕೆ ಹುಟ್ಟಿದ ದಿನದ ಮೈ ಮರಳಿ ಬಂತು. ಇದು ಶಿಕ್ಷೆಯೋ ಸತ್ಕಾರವೋ ತಿಳಿಯಲಿಲ್ಲ. ಅವಳು ಹಾಡು ಗುನುಗುತ್ತಿದ್ದಳು, ಸಿಟ್ಟಂತೂ ಇರಲಿಲ್ಲ.

ಸಂಜೆ ಜಲಜಾಕ್ಷಿ ಬಂದೊಡನೆ ಸೊಸೆ ನನ್ನನ್ನು ಎದುರಿಗೆ ಹಿಡಿದಳು.

"ಅತ್ತಿ, ನೋಡ್ರಿ. ಎಷ್ಟ ವರ್ಷದ ಜಿಡ್ಡಿತ್ತೋ ಏನೋ, ಎಲ್ಲಾ ತಗದೀನ್ರಿ."

ಜಲಜಾಕ್ಷಿ ನನ್ನ ಮೇಲೆ ಕೈಯಾಡಿಸಿದಳು.

"ಅದು ಜಿಡ್ಡಲ್ಲ ಮಾರಾಯ್ತಿ. ನನ್ನ ಅಮ್ಮ."

ಮಹಾದೇವಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಅರ್ಥವಾದ ಮೇಲೆ ಅವಳು ಅತ್ತೆಗಿಂತ ಹೆಚ್ಚು ಅತ್ತಳು.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಮರುದಿನದ ದೋಸೆ ಹರಿದು ಚಿಂದಿಯಾಯಿತು. ಸೊಸೆ ಮೂಲೆ ಹಿಡಿದಳು, ತವರಿಗೆ ಹೋಗುತ್ತೇನೆಂದಳು. ಕಡೆಗೆ ಜಲಜಾಕ್ಷಿಯೇ ಒಂದು ಈರುಳ್ಳಿ ಹೆಚ್ಚಿ, ಅರ್ಧವನ್ನು ಅವಳ ಕೈಗಿತ್ತು ಒಲೆಯ ಮುಂದೆ ನಿಲ್ಲಿಸಿದಳು. ಉಜ್ಜುವುದು ಹೇಗೆಂದು ಹೇಳಿಕೊಟ್ಟಳೇ ಹೊರತು ತಾನು ಮುಟ್ಟಲಿಲ್ಲ. ನನ್ನನ್ನು ಅವಳಿಗೆ ಕೊಟ್ಟಳೋ, ನನ್ನ ಮೇಲಿನ ಆಸೆಯನ್ನೇ ಬಿಟ್ಟಳೋ, ನನಗೆ ಒಂದೂ ತಿಳಿಯದು. ದೋಸೆಗಳು ಹರಿಯುತ್ತಲೇ ಇದ್ದವು, ಹರಿದದ್ದನ್ನು ಇಬ್ಬರೂ ಕೂತು ತಿನ್ನುತ್ತಿದ್ದರು.

ಮಹಾದೇವಿಯ ಕೈಯಲ್ಲಿ ನಾನು ಮತ್ತೆ ಕಪ್ಪಾದೆ. ಈಗ ನನಗೆ ವಯಸ್ಸಾಗಿದೆ. ಅಂಚು ಒಂದು ಕಡೆ ಮುಕ್ಕಾಗಿದೆ. ಈ ಮನೆಗೆ ನಾನ್‌ಸ್ಟಿಕ್ ತವಾಗಳು ಬಂದವು, ಮೈ ಸುಲಿದು ಹೋದವು. ಬೆಳಿಗ್ಗೆ ಒಲೆ ಏರುವುದು ಇನ್ನೂ ನಾನೇ. ಮೊನ್ನೆ ಜಲಜಾಕ್ಷಿಯ ತಂಗಿ ಬಂದವಳು, ಅಮ್ಮನ ಕಾವಲಿಯಲ್ಲವೇ, ಸ್ವಲ್ಪ ದಿನ ತನ್ನ ಮನೆಯಲ್ಲೂ ಇರಲಿ ಎಂದು ಕೇಳಿದಳು. ನಾನು ಯಾರ ಸೊತ್ತು ಎಂದು ನನಗೇ ಗೊತ್ತಿರಲಿಲ್ಲ. ಹೆದರಿಕೆಯಾಯಿತು.

"ನನ್ನತ್ರ ಕೇಳಿ ಎಂತ ಪ್ರಯೋಜನ?" ಎಂದಳು ಜಲಜಾಕ್ಷಿ. "ಮಹಾದೇವಿಯನ್ನು ಕೇಳು. ಅದು ಅವಳದ್ದು."

ಮಹಾದೇವಿ ಕೊಡಲಿಲ್ಲ.